ಇಲಿ ಬಿದ್ದರೆ ಮನೆ ಬಿಡಬೇಕೆ?

ಪ್ರಶ್ನೆ: ಅಡಿಕೆ, ರಾಗಿ ಇಟ್ಟಿರುವ ನಮ್ಮ ಉಗ್ರಾಣದಲ್ಲಿ ನಾಲ್ಕಾರು ಇಲಿಗಳು ಸತ್ತು ಬಿದ್ದಿವೆ. "ಇಲಿ ಬಿತ್ತು, ಮನೆ ಖಾಲಿ ಮಾಡ್ರೋ" ಅಂತ ಅಜ್ಜಿ ಹಟ ಹಿಡಿದಿದ್ದಾರೆ. ಅವರ ಭಯಕ್ಕೆ ಅರ್ಥವಿದೆಯೇ ಡಾಕ್ಟರೇ?
– ಓದುಗರೊಬ್ಬರು, ಅಮೃತಾಪುರ

ಉತ್ತರ: ಅಜ್ಜಿಯನ್ನು ಗದರಬೇಡಿ. ಅವರ ಮಾತಿನ ಹಿಂದೆ ಹಿರಿಯರ ದೊಡ್ಡ ಸಂಕಟವಿದೆ. 1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂತು. ಆ ರೈಲುಹಾದಿ ನಿಮ್ಮ ಅಜ್ಜಂಪುರ, ಬೀರೂರು, ಕಡೂರಿನ ಮೇಲೆಯೇ ಹೋಗುತ್ತದೆ. ಮುಂದೆ ದಶಕಗಳ ಕಾಲ ಮೈಸೂರು ಸೀಮೆಯಲ್ಲಿ ಇಲಿ ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಶೆಡ್ಡು ಹಾಕಿಕೊಳ್ಳುತ್ತಿದ್ದರು.

ಕಾರಣ ಗೊತ್ತಿಲ್ಲದಿದ್ದರೂ ಅವರು ಮಾಡಿದ್ದು ಸರಿಯಾಗಿತ್ತು. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಅದನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟ ಎಂದು 1898ರಲ್ಲಿ ಕರಾಚಿಯಲ್ಲಿ ತೋರಿಸಿದವರು ಪಾಲ್-ಲೂಯಿ ಸಿಮೋಂ. ವರ್ಷಗಟ್ಟಲೆ ಅವರ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. ಇಲಿ ಸತ್ತು ಮೈ ತಣ್ಣಗಾದರೆ ಹಸಿದ ಚಿಗಟ ಹತ್ತಿರದ ಮನುಷ್ಯರನ್ನು ಕಚ್ಚುತ್ತದೆ. ಮನೆ ಬಿಟ್ಟವರು ಚಿಗಟದಿಂದ ಪಾರಾಗುತ್ತಿದ್ದರು.

ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಪ್ಲೇಗಿಗೆ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ನನ್ನ ಕಣ್ಣಿಗೆ ಅವರಷ್ಟೇ ದೊಡ್ಡವರು ಡಾ. ಪಲ್ಪು. ಜಾತಿಯ ಕಾರಣಕ್ಕೆ ತಿರುವಾಂಕೂರು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸರ್ಕಾರದ ಸೇವೆಗೆ ಸೇರಿದ ಆ ವೈದ್ಯರು, ಖಚಿತ ಔಷಧಿಯೇ ಇಲ್ಲದ ಆ ಕಾಲದಲ್ಲಿ, ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ ರೋಗಿಗಳ ನಡುವೆ ನಿಂತು ದುಡಿದರು.

ಈಗ ನಿಮ್ಮ ಮನೆಯ ವಿಷಯ. ಮನೆ ಬಿಡಬೇಕಿಲ್ಲ. ಇಲಿಪಾಷಾಣ ಇಟ್ಟಿದ್ದರೆ ಬಹುಶಃ ಅದೇ ಕಾರಣ. ಇಡದೆಯೂ ಇಲಿಗಳು ಸಾಯುತ್ತಿದ್ದರೆ ಬರಿಗೈಲಿ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅವರು ನೋಡಿ ಹೇಳುವ ತನಕ ಪಾಷಾಣ ಇಡಬೇಡಿ. ಪ್ಲೇಗಿನ ಶಂಕೆಯಿದ್ದರೆ ಮೊದಲು ಚಿಗಟಕ್ಕೆ ಔಷಧಿ ಹೊಡೆಯಬೇಕು, ಇಲಿ ಆಮೇಲೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ತೊಡೆಸಂದಿನಲ್ಲೋ ಕಂಕುಳಲ್ಲೋ ನೋವಿನ ಗಡ್ಡೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಸ್ಟ್ರೆಪ್ಟೋಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಿಗಳು ಬೇಗ ಸಿಕ್ಕರೆ ಪ್ಲೇಗೂ ವಾಸಿಯಾಗುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇಲಿಜ್ವರದ್ದು. ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಕಾಲಿನ ಗಾಯದ ಮೂಲಕ ಅದು ಮೈಗೆ ಸೇರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಉಗ್ರಾಣದ ಇಲಿಗಳ ಸಂಗತಿಯನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.