ಯೂರಿಯಾ ಚೀಲದ ಹೊಗೆ ಯಾರ ಲೆಕ್ಕಕ್ಕೆ?



ಮೃಗಶಿರಾ ಮಳೆ ಬಿದ್ದೊಡನೆ ಸೊಸಾಯಿಟಿಯ ಮುಂದೆ ಯೂರಿಯಾಕ್ಕೆ ಸಾಲುಗಟ್ಟುವುದು ನಮಗೆಲ್ಲ ರೂಢಿಯ ಮಾತು. ಚೀಲದ ಮೇಲೆ ತೂಕ 45 ಕಿಲೋ ಎಂದೂ, ಸಾರಜನಕ ನೂರಕ್ಕೆ 46 ಪಾಲು ಎಂದೂ ಅಚ್ಚಾಗಿರುತ್ತದೆ. ಅದರ ಬೆನ್ನಿಗೆ ಬರುವ ಇನ್ನೊಂದು ಸರಕನ್ನು ಮಾತ್ರ ಯಾರೂ ಅಚ್ಚು ಹಾಕುವುದಿಲ್ಲ. ಅದು ಹೊಗೆ. ಹೊಗೆಯೆಂದರೆ ಕಣ್ಣಿಗೆ ಕಾಣುವ ಕರಿ ಹೊಗೆಯಲ್ಲ. ಭೂಮಿಯ ಕಾವನ್ನು ಹೊರಕ್ಕೆ ಬಿಡದೆ ಕಂಬಳಿಯಂತೆ ಹಿಡಿದಿಡುವ ಅನಿಲಗಳು.

ಯೂರಿಯಾ ಆಗುವ ಬಗೆ ಹೀಗೆ. ನೈಸರ್ಗಿಕ ಅನಿಲದಿಂದ ಜಲಜನಕವನ್ನು ಬೇರ್ಪಡಿಸಿ, ಗಾಳಿಯಲ್ಲಿಯ ಸಾರಜನಕದೊಡನೆ ಕೂಡಿಸಿದರೆ ಅಮೋನಿಯಾ ಸಿಗುತ್ತದೆ. ಒಂದು ಟನ್ನು ಅಮೋನಿಯಾ ಮಾಡುವಾಗ ಎರಡು ಟನ್ನಿನ ಹತ್ತಿರ ಇಂಗಾಲಾಮ್ಲ ವಾಯು ಹುಟ್ಟುತ್ತದೆ. ನಮ್ಮ ಒಂದು ಚೀಲಕ್ಕೆ ಬೇಕಾಗುವ ಅಮೋನಿಯಾ ಇಪ್ಪತ್ತೈದು ಕಿಲೋ ಚಿಲ್ಲರೆ. ಅದರ ವಾಯು ಐವತ್ತು ಕಿಲೋ ಸುಮಾರು. ಆದರೆ ಅದೆಲ್ಲವೂ ಚಿಮಣಿಯಿಂದ ಹೋಗುವುದಿಲ್ಲ. ಅದರಲ್ಲಿ 33 ಕಿಲೋ ವಾಯುವನ್ನು ತಿರುಗಿ ಅಮೋನಿಯಾದೊಡನೆ ಬೆಸೆದೇ ಯೂರಿಯಾ ಕಾಳು ಮಾಡುತ್ತಾರೆ. ಹೊಲದಲ್ಲಿ ತೇವ ತಗುಲಿ ಕಾಳು ಒಡೆದಾಗ ಆ 33 ಕಿಲೋ ನಮ್ಮ ಮಣ್ಣಿನಿಂದ ಮೇಲೇಳುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಚೀಲದಲ್ಲಿರುವ ಸಾರಜನಕ 20 ಕಿಲೋ 700 ಗ್ರಾಂ. ಅಂತರರಾಷ್ಟ್ರೀಯ ಲೆಕ್ಕದ ರೂಢಿಯಂತೆ ಅದರಲ್ಲಿ ನೂರಕ್ಕೆ ಒಂದು ಪಾಲು ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ತೂಕದಲ್ಲಿ ಅದು 325 ಗ್ರಾಂ, ಒಂದೂವರೆ ಪಾವು ಸಹ ಅಲ್ಲ! ಆದರೆ ನೂರು ವರುಷದ ಅವಧಿಯಲ್ಲಿ ಅದರ ಕಾವು ಹಿಡಿಯುವ ಶಕ್ತಿ ಇಂಗಾಲಾಮ್ಲ ವಾಯುವಿನ 273 ಪಟ್ಟು. ಅಂದರೆ 89 ಕಿಲೋಕ್ಕೆ ಸಮ. ಹಸಿ ನಿಂತ ಕರಿಮಣ್ಣಿನಲ್ಲಿ ಇದು ಹೆಚ್ಚೀತು, ಒಣ ಮಡ್ಡಿಯಲ್ಲಿ ತಗ್ಗೀತು. ಹೇಗೇ ಆಗಲಿ, ಗೊಬ್ಬರದ ಹೊಗೆಯಲ್ಲಿ ದೊಡ್ಡ ಪಾಲು ಕಾರ್ಖಾನೆಯದಲ್ಲ, ಹೊಲದ್ದು. ಇದನ್ನು ಕೇಳಿ ಆಶ್ಚರ್ಯಪಡದವರು ವಿರಳ.

ಇನ್ನು ಲೆಕ್ಕ ಬರೆಯುವ ಮಾತು. 1992ರ ಹವಾಮಾನ ಒಪ್ಪಂದದಡಿಯ ನಿಯಮದಂತೆ, ಯಾವ ದೇಶದ ನೆಲದಿಂದ ಅನಿಲ ಎದ್ದಿತೋ ಆ ದೇಶದ ಖಾತೆಗೆ ಅದು ಸೇರತಕ್ಕದ್ದು. ಓಮಾನ್ ದೇಶದ ಸೂರ್ ಎಂಬ ಊರಲ್ಲಿ ನಮ್ಮ ಇಫ್ಕೋ, ಕ್ರಿಭ್ಕೋ ಸಂಸ್ಥೆಗಳು ಪಾಲು ಹಾಕಿದ ಯೂರಿಯಾ ಕಾರ್ಖಾನೆಯೊಂದು 2005ರಲ್ಲಿ ಉತ್ಪಾದನೆ ತೊಡಗಿತು. ಅಲ್ಲಿಂದ ಚೀಲ ಬಂದರೆ ಚಿಮಣಿಯ ಹೊಗೆ ಓಮಾನಿನ ಖಾತೆಗೆ, ಹೊಲದ ಹೊಗೆ ಭಾರತದ ಖಾತೆಗೆ. ಅದೇ ಗೊಬ್ಬರದಿಂದ ಬೆಳೆದ ಬಾಸುಮತಿ ಅಕ್ಕಿ ಸೌದಿ ಅರೇಬಿಯಕ್ಕೆ ಹೋಗಿ ಅಲ್ಲಿ ಉಂಡು ಮುಗಿದರೂ, ಗೊಬ್ಬರದ ಹೊಗೆ, ನೀರು ನಿಂತ ಗದ್ದೆಯ ಮೀಥೇನ್ ಎಲ್ಲವೂ ನಮ್ಮ ಹೆಸರಿಗೇ ಉಳಿಯುತ್ತವೆ. ಗಡಿಯ ಜನರಾದ ನಮಗೆ ಇದು ಹೊಸದೇನಲ್ಲ. ನಮ್ಮ ಕಬ್ಬು ಒಂದು ರಾಜ್ಯದಲ್ಲಿ ಬೆಳೆದು, ಇನ್ನೊಂದರಲ್ಲಿ ನುರಿದು, ಸಕ್ಕರೆ ಮೂರನೆಯ ಕಡೆಗೆ ಹೋಗುವುದುಂಟು. ರವದಿ ಸುಟ್ಟ ಹೊಗೆ ಯಾರದು, ಬಾಯ್ಲರಿನ ಹೊಗೆ ಯಾರದು, ಚಹಾ ಕುಡಿದವನ ಪಾಲೆಷ್ಟು?

ಇಂಥ ಸುತ್ತುಬಳಸಿನ ಲೆಕ್ಕಕ್ಕೆ ದಾರಿ ಹಾಕಿದವರು ವಾಸಿಲಿ ಲಿಯೋಂಟಿಫ್ ಎಂಬ ಅರ್ಥಶಾಸ್ತ್ರಜ್ಞರು. ಒಂದು ಉದ್ಯೋಗ ಇನ್ನೊಂದರಿಂದ ಏನು ಕೊಂಡಿತು, ಏನು ಮಾರಿತು ಎಂಬುದನ್ನು ದೊಡ್ಡ ಕೋಷ್ಟಕದಲ್ಲಿ ಬರೆಯುವ ಪದ್ಧತಿ ಅವರದು. 1970ರಲ್ಲಿ ಅದಕ್ಕೆ ಹೊಗೆ-ಹೊಲಸಿನ ಸಾಲನ್ನೂ ಕೂಡಿಸಿದರು. 1973ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಈ ಪದ್ಧತಿಯನ್ನು ದೇಶ ದೇಶಗಳಿಗೆ ಹರಡಿ, ಹೊಗೆಯನ್ನು ಸರಕು ಬಳಸಿದವನ ಹೆಸರಿಗೆ ಬರೆದರೆ ಚಿತ್ರವೇ ಬದಲಾಗುತ್ತದೆ. ಇಂಗ್ಲೆಂಡ್, ಸ್ವಿಟ್ಜರ್ಲೆಂಡುಗಳ ಖಾತೆ ಉಬ್ಬುತ್ತದೆ. ಚೀನ, ಭಾರತಗಳದು ಇಳಿಯುತ್ತದೆ. ಹಾಗೆಂದು ನಾವು ನಿರ್ದೋಷಿಗಳೆಂದು ಬೀಗುವಂತಿಲ್ಲ. ಭಾರತದ ಹೊಗೆಯಲ್ಲಿ ಬಹುಪಾಲು ನಮ್ಮದೇ ವಿದ್ಯುತ್ತು, ನಮ್ಮದೇ ಸಿಮೆಂಟು, ನಮ್ಮದೇ ಊಟದ್ದು. ಆದಾಗ್ಯೂ ಉಂಡವನ ಹೆಸರಿಲ್ಲದ ಖಾತೆ ಅರ್ಧ ಖಾತೆಯೆಂದೇ ನನ್ನ ಅಭಿಪ್ರಾಯ.

ಈ ಲೆಕ್ಕ ಈಗ ಹಣದ ಮಾತಾಗಿದೆ. ಯುರೋಪಿನ ಒಕ್ಕೂಟವು 2023ರ ಅಕ್ಟೋಬರದಿಂದ ಕೆಲವು ಆಮದು ಸರಕುಗಳ ಹೊಗೆಯ ವಿವರ ಕೇಳತೊಡಗಿತು. 2026ರ ಜನವರಿ 1ರಿಂದ ಅದಕ್ಕೆ ಬೆಲೆ ಕಟ್ಟುವ ನಿಯಮ ಬಂದಿತು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟುಗಳೊಡನೆ ಗೊಬ್ಬರವೂ ಆ ಪಟ್ಟಿಯಲ್ಲಿದೆ. ನಮ್ಮ ಜತ್ತ, ಸೊಲ್ಲಾಪುರ ಕಡೆಯ ದ್ರಾಕ್ಷಿ, ದಾಳಿಂಬೆಗಳನ್ನು ಅದರಲ್ಲಿ ಸೇರಿಸಿಲ್ಲ. ಆದರೂ ಗೊಬ್ಬರ ಹಾಕಿದ ದಿನ, ಹಾಕಿದ ತೂಕವನ್ನು ತೋಟದ ವಹಿಯಲ್ಲಿ ಬರೆದಿಡುವವನಿಗೆ ನಷ್ಟವಿಲ್ಲ.

ಹೊಲದ ಪಾಲಿನ ಹೊಗೆ ತಗ್ಗಿಸುವುದು ನಮ್ಮ ಕೈಯಲ್ಲಿದೆ, ಅದಕ್ಕೆ ಖರ್ಚೂ ಇಲ್ಲ. ಯೂರಿಯಾವನ್ನು ಒಮ್ಮೆಲೆ ಸುರಿಯದೆ ಎರಡು-ಮೂರು ಕಂತಿನಲ್ಲಿ ಕೊಡಿರಿ. ನೀರು ನಿಂತಾಗ ಎರಚಬೇಡಿರಿ. ಸಾಲಿನ ಬದಿಗೆ ಹಾಕಿ ಮಣ್ಣು ಮುಚ್ಚಿರಿ. ಮುಖ್ಯವಾಗಿ ತೊಗರಿಯ ಮಾತು. ತೊಗರಿಗೆ ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಎಂಬುದು ಶಿಫಾರಸು. ಎಕರೆಗೆ 10 ಮತ್ತು 20 ಆಯಿತು. ಬಿತ್ತುವಾಗ 50 ಕಿಲೋದ ಒಂದು ಚೀಲ ಡಿಎಪಿ ಕೊಟ್ಟರೆ 9 ಕಿಲೋ ಸಾರಜನಕ, 23 ಕಿಲೋ ರಂಜಕ ಸಿಕ್ಕಿತು. ಉಳಿದುದನ್ನು ಬೇರಿನ ಗಂಟುಗಳು ಗಾಳಿಯಿಂದಲೇ ಹಿಡಿದುಕೊಳ್ಳುತ್ತವೆ. ಅದರ ಮೇಲೆ ಯೂರಿಯಾ ಚೀಲ ಹೊತ್ತು ತರುವ ಕಾರಣವಿಲ್ಲ.