ಮನೆಯಿಲ್ಲದವರಿಗೆ ಮೊದಲು ಬೇಕಾದದ್ದು ಇವತ್ತಿನ ಕೂಲಿ

ವ್ಯವಹಾರ ಅಧ್ಯಯನದ ಹಣಕಾಸು ನಿರ್ವಹಣೆ ಪಾಠದಲ್ಲಿ ನಾವು ಎರಡು ಬಗೆಯ ಬಂಡವಾಳದ ಬಗ್ಗೆ ಓದುತ್ತೇವೆ. ಕಟ್ಟಡ, ಯಂತ್ರಗಳಿಗೆ ಹಾಕಿದ್ದು ಸ್ಥಿರ ಬಂಡವಾಳ. ದಿನನಿತ್ಯದ ಖರ್ಚಿಗೆ ಬೇಕಾದದ್ದು ದುಡಿಯುವ ಬಂಡವಾಳ. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಸರಕು ತರಲು, ಕೂಲಿ ಕೊಡಲು ಹಣವಿಲ್ಲದಿದ್ದರೆ ಕಾರ್ಖಾನೆ ನಿಂತುಹೋಗುತ್ತದೆ. ಮನೆಯಿಲ್ಲದವರಿಗಾಗಿ ನಗರಾಡಳಿತಗಳು ನಡೆಸುವ ಉದ್ಯೋಗ ಕಾರ್ಯಕ್ರಮಗಳನ್ನು ಅರ್ಥ ಮಾಡಿಕೊಳ್ಳಲು ಈ ಪಾಠ ನೆರವಾಗುತ್ತದೆ.

ವೃತ್ತಿ ತರಬೇತಿಯನ್ನು ಸ್ಥಿರ ಬಂಡವಾಳ ಎಂದುಕೊಳ್ಳೋಣ. ಕಲಿತ ವಿದ್ಯೆ ವರ್ಷಗಟ್ಟಲೆ ಫಲ ಕೊಡುತ್ತದೆ. ಆದರೆ ಫುಟ್‌ಪಾತಿನಲ್ಲಿ ಮಲಗುವವರೊಬ್ಬರು ಮೂರು ತಿಂಗಳ ಹೊಲಿಗೆ ತರಬೇತಿಗೆ ಸೇರಿದರೆ ಆ ಮೂರು ತಿಂಗಳ ಊಟಕ್ಕೆ ಏನು ಮಾಡಬೇಕು? ಸ್ನಾನ ಎಲ್ಲಿ? ಪ್ರಮಾಣಪತ್ರವನ್ನು ಎಲ್ಲಿಡಬೇಕು? ಕೆಲಸ ಸಿಕ್ಕಿದರೂ ಸಂಬಳ ಬರಲು ಒಂದು ತಿಂಗಳು ಕಾಯಬೇಕು. ಅಷ್ಟು ದಿನ ಕಾಯುವ ಶಕ್ತಿ, ಅಂದರೆ ದುಡಿಯುವ ಬಂಡವಾಳ, ಅವರ ಬಳಿ ಇರುವುದಿಲ್ಲ. ತರಬೇತಿಯನ್ನು ಅರ್ಧಕ್ಕೆ ಬಿಟ್ಟವರನ್ನು ಸೋಮಾರಿ ಎನ್ನುವ ಮೊದಲು ನಾವು ಈ ಲೆಕ್ಕ ನೋಡಬೇಕು.

ಈ ಕೊರತೆಯನ್ನು ತುಂಬಲು ನೋಡಿದ ಒಂದು ನಗರ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ. ಕೆಲಸ ಬೇಕು ಎಂಬ ಫಲಕ ಹಿಡಿದು ರಸ್ತೆಬದಿ ನಿಂತಿದ್ದ ಒಬ್ಬರನ್ನು ಮೇಯರ್ ರಿಚರ್ಡ್ ಬೆರಿ ಕಂಡರು. 2015ರಲ್ಲಿ ಅವರ ಆಡಳಿತ ಒಂದು ವ್ಯಾನ್ ಓಡಿಸಲು ಶುರುಮಾಡಿತು. ಭಿಕ್ಷೆ ಬೇಡುವವರು ನಿಂತಿದ್ದ ಜಾಗಕ್ಕೇ ವ್ಯಾನ್ ಹೋಗಿ, ಬರುತ್ತೀರಾ ಎಂದು ಕೇಳುತ್ತಿತ್ತು. ಬಂದವರಿಗೆ ನಗರದ ಕಸ, ಕಳೆ ತೆಗೆಯುವ ಕೆಲಸ, ಮಧ್ಯಾಹ್ನದ ಊಟ, ಗಂಟೆಗೆ 9 ಡಾಲರ್ ಕೂಲಿ. ಸಂಜೆ ಬೇಕಾದವರಿಗೆ ರಾತ್ರಿ ತಂಗಲು ಜಾಗ. ಸ್ಥಳೀಯ ಸೇವಾಸಂಸ್ಥೆಯೊಂದು ನಗರದ ಜೊತೆಗೂಡಿ ಇದನ್ನು ನಡೆಸಿತು.

ಒಂದು ವರ್ಷ ತುಂಬುವ ಮೊದಲೇ 932 ಕೆಲಸ ಕೊಟ್ಟಿದ್ದೇವೆ ಎಂದು ನಗರ ಹೇಳಿತು. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ವ್ಯಾನಿನಲ್ಲಿ ದಿನಕ್ಕೆ ಸುಮಾರು 10 ಜನ, ಆಗ ವಾರಕ್ಕೆ 2 ದಿನ. ಅಂದರೆ ವಾರಕ್ಕೆ 20. ಈ ಲೆಕ್ಕದಲ್ಲಿ 47 ವಾರಕ್ಕೆ ಸುಮಾರು 940. ಹಾಗಾಗಿ 932 ಎಂಬುದು ಜನರ ಸಂಖ್ಯೆಯಲ್ಲ, ಒಂದೊಂದು ದಿನದ ಕೆಲಸಗಳ ಸಂಖ್ಯೆ. ಬಂದವರೇ ಮತ್ತೆ ಬಂದಿರಬಹುದು. ಅದೇ ಅವಧಿಯಲ್ಲಿ 100ಕ್ಕೂ ಹೆಚ್ಚು ಜನರಿಗೆ ಕಾಯಂ ಉದ್ಯೋಗದ ದಾರಿ ಸಿಕ್ಕಿತು. ನಿಜವಾದ ಲಾಭವೆಂದು ಬರೆದುಕೊಳ್ಳಬೇಕಾದದ್ದು ಈ ಸಂಖ್ಯೆಯನ್ನು. ಆರಂಭದ 50,000 ಡಾಲರ್ ಅನುದಾನವನ್ನು ನಗರ ಮುಂದೆ 1,81,000 ಡಾಲರಿಗೆ ಏರಿಸಿ, ವಾರಕ್ಕೆ 4 ದಿನ ಮಾಡಿತು.

ಮಿತಿಯೂ ಇದೆ. ಒಂದು ವ್ಯಾನಿಗೆ ಹತ್ತು ಸೀಟು. ಕಸ ಗುಡಿಸುವುದರಿಂದ ಹೊಸ ವೃತ್ತಿ ಬಾರದು, ಬಾಡಿಗೆ ಮನೆಯೂ ಸಿಗದು. ದಿನಗೂಲಿ ಮೊದಲ ಮೆಟ್ಟಿಲು ಮಾತ್ರ. ತರಬೇತಿ ಮತ್ತು ಮನೆ ಅದರ ಮೇಲಿನ ಮೆಟ್ಟಿಲುಗಳು.

ನಮ್ಮ ದೇಶದ ನಗರಗಳಲ್ಲಿ 2011ರ ಜನಗಣತಿಯಂತೆ 9.38 ಲಕ್ಷ ವಸತಿರಹಿತರಿದ್ದರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್‌ನಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರ ಇರಬೇಕೆಂಬ ನಿಯಮವಿತ್ತು. ಕೌಶಲ ತರಬೇತಿಯೂ ಇತ್ತು, ಆದರೆ ಬೇರೆ ವಿಭಾಗವಾಗಿ. ಮಲಗುವ ಜಾಗಕ್ಕೂ ತರಬೇತಿಗೂ ನಡುವೆ ಇವತ್ತಿನ ಕೂಲಿ ಎಂಬ ಸೇತುವೆ ಬೇಕು. ಆಶ್ರಯ ಕೇಂದ್ರದ ಬಾಗಿಲಿಗೇ ಬೆಳಿಗ್ಗೆ ಕೆಲಸದ ಗಾಡಿ ಬಂದರೆ ಆ ಸೇತುವೆ ಶುರುವಾದಂತೆ.

ನಮ್ಮ ಮನೆಮಾತು ಉರ್ದುವಿನಲ್ಲಿ ಜೀವನೋಪಾಯಕ್ಕೆ ರೋಜಿ ಎನ್ನುತ್ತಾರೆ. ರೋಜ್ ಎಂದರೆ ದಿನ. ಬದುಕು ದಿನದ ಲೆಕ್ಕದಲ್ಲಿ ನಡೆಯುತ್ತದೆ ಎಂಬ ಅರಿವು ಆ ಪದದಲ್ಲೇ ಇದೆ.

ತರಗತಿಯಲ್ಲಿ ಚರ್ಚಿಸಿ:
1. ತರಬೇತಿಯ ಅವಧಿಯಲ್ಲಿ ಕೊಡುವ ಭತ್ಯೆ ನಗರಕ್ಕೆ ಖರ್ಚೋ, ಹೂಡಿಕೆಯೋ?
2. ಇಂಥ ಕಾರ್ಯಕ್ರಮದ ಯಶಸ್ಸನ್ನು ಯಾವ ಸಂಖ್ಯೆಯಿಂದ ಅಳೆಯುತ್ತೀರಿ? ಏಕೆ?