ಆಸರೆ

ಮನುಷ್ಯನ ತಲೆಯು ಸುಮಾರು 5 ಕಿಲೋಗ್ರಾಂ ತೂಗುತ್ತದೆ. ಈ ಭಾರವನ್ನು ಹಗಲೆಲ್ಲ ಹೊರುವುವು ಕತ್ತಿನ 7 ಮೂಳೆಮಣಿಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು. ತಲೆಯು ಭುಜಗಳ ಮೇಲೆ ನೇರವಾಗಿದ್ದಾಗ ಸ್ನಾಯುಗಳಿಗೆ ಹೆಚ್ಚಿನ ಶ್ರಮವಿಲ್ಲ. ಆದರೆ ಓದುವಾಗ, ಹೊಲಿಯುವಾಗ, ಕಳೆ ಕೀಳುವಾಗ, ಮೊಬೈಲನ್ನು ನೋಡುವಾಗ ತಲೆಯು ಮುಂದಕ್ಕೆ ಬಾಗುತ್ತದೆ. ಆಗ ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಹೊಣೆ ಕತ್ತು ಮತ್ತು ಮೇಲ್ಬೆನ್ನಿನ ಸ್ನಾಯುಗಳದಾಗುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಒಯ್ಯುವುದು ಸುಲಭ; ಕೈ ಚಾಚಿ ಹಿಡಿಯುವುದು ಕಷ್ಟ. ಕತ್ತಿನ ಪಾಡೂ ಹಾಗೆಯೇ.

ಹೀಗೆ ಬಿಗಿದ ಸ್ನಾಯುವು ಕೆಲಸ ಮುಗಿದೊಡನೆ ಸಡಿಲಗೊಳ್ಳದಿರಬಹುದು. ತನ್ನ ಭಾರವನ್ನು ಬೇರೊಂದು ವಸ್ತು ಹೊತ್ತಾಗ ಅದು ಸುಲಭವಾಗಿ ವಿಶ್ರಮಿಸುತ್ತದೆ. ಆದುದರಿಂದಲೇ ದೇಹಕ್ಕೆ ಆಸರೆ ಬೇಕು.

ನಮ್ಮ ಹಿರಿಯರು ಈ ಮಾತನ್ನು ಬಲ್ಲವರಾಗಿದ್ದರು. ಹಂಪೆಯಲ್ಲಿ 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ನರಸಿಂಹನ ಬೃಹತ್ ಮೂರ್ತಿಯಿದೆ. ಅದರ ಮಂಡಿಗಳ ಬಳಿ ಕಾಣುವ ಪಟ್ಟಿಗೆ ಯೋಗಪಟ್ಟವೆಂದು ಹೆಸರು. ಬಹಳ ಹೊತ್ತು ಕುಳಿತು ಧ್ಯಾನಿಸುವ ಯೋಗಿಗಳು ಮೈಗೆ ಬಟ್ಟೆಯ ಇಂತಹ ಪಟ್ಟಿಯನ್ನು ಆಸರೆಯಾಗಿ ಕಟ್ಟಿಕೊಳ್ಳುತ್ತಿದ್ದರು.

ಈ ತತ್ತ್ವವನ್ನು ನಮ್ಮ ಕಾಲದಲ್ಲಿ ಜಗತ್ತಿಗೆ ಪರಿಚಯಿಸಿದವರು ಬಿ. ಕೆ. ಎಸ್. ಅಯ್ಯಂಗಾರ್ಯರು. ಅವರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಮಲೇರಿಯ, ಕ್ಷಯ ಮೊದಲಾದ ರೋಗಗಳಿಂದ ಬಳಲಿದರು. ಮೈಸೂರಿನಲ್ಲಿ ತಮ್ಮ ಭಾವನವರಾದ ಕೃಷ್ಣಮಾಚಾರ್ಯರಿಂದ ಯೋಗವನ್ನು ಕಲಿತು, 1937ರಲ್ಲಿ ಪುಣೆಗೆ ತೆರಳಿದರು. ಅಲ್ಲಿ ಅವರ ಬಳಿಗೆ ವೃದ್ಧರೂ ರೋಗಿಗಳೂ ಬಂದರು. ಪೂರ್ಣ ಆಸನಗಳನ್ನು ಅವರಿಂದ ಮಾಡಿಸುವುದೆಂತು? ಅಯ್ಯಂಗಾರ್ಯರು ಇಟ್ಟಿಗೆ, ಹಗ್ಗ, ಕಂಬಳಿ, ಕುರ್ಚಿ, ದಿಂಬುಗಳನ್ನೇ ಸಾಧನಗಳಾಗಿ ಬಳಸಿದರು. ದೇಹವನ್ನು ಆಸನಕ್ಕೆ ಬಲವಂತವಾಗಿ ಬಗ್ಗಿಸುವ ಬದಲು, ಆಸನವನ್ನೇ ದೇಹದ ಬಳಿಗೆ ತಂದರು. ಶರೀರದ ಬಿಗಿತದಿಂದ ನೊಂದಿದ್ದ ಪ್ರಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್ನರು 1952ರಲ್ಲಿ ಮುಂಬಯಿಯಲ್ಲಿ ಅವರನ್ನು ಕಂಡು, ಅವರ ಶಿಷ್ಯರಾದರು.

ಇಂತಹ ಆಸರೆಯನ್ನು ನಾವು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದು. ಒಂದು ಕಂಬಳಿಯನ್ನು ನಾಲ್ಕು ಬೆರಳಿನ ದಪ್ಪಕ್ಕೆ ಸುತ್ತಿ ನೆಲದ ಮೇಲೆ ಅಡ್ಡಲಾಗಿ ಇಡಬೇಕು. ಅದು ಹೆಗಲ ಮೂಳೆಗಳ ಕೆಳಗೆ ಬರುವಂತೆ ಅಂಗಾತ ಮಲಗಬೇಕು. ತಲೆಯು ಹಿಂದಕ್ಕೆ ಜೋಲದಂತೆ ಮಡಿಸಿದ ಬಟ್ಟೆಯನ್ನು ಅದರ ಅಡಿಗಿಟ್ಟು, ಕೈಗಳನ್ನು ಅಂಗೈ ಮೇಲಾಗಿ ಚಾಚಿ, ಸಹಜವಾಗಿ ಉಸಿರಾಡಬೇಕು. ಐದು ನಿಮಿಷಗಳಲ್ಲಿ ಎದೆ ಅರಳುತ್ತದೆ. ಭುಜಗಳ ಬಿಗಿ ಇಳಿಯುತ್ತದೆ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು. ನೋವು ಹೆಚ್ಚಾದರೆ ಒಡನೆಯೇ ನಿಲ್ಲಿಸಬೇಕು. ಕತ್ತಿಗೆ ಪೆಟ್ಟಾಗಿದ್ದರೆ ಅಥವಾ ಕೈ ಜೋಮು ಹಿಡಿಯುತ್ತಿದ್ದರೆ ಇದನ್ನು ಮಾಡದೆ ವೈದ್ಯರನ್ನು ಕಾಣಬೇಕು.

ಆಸರೆ ಪಡೆಯುವುದು ದುರ್ಬಲತೆಯ ಗುರುತೆಂದು ಕೆಲವರು ಭಾವಿಸುತ್ತಾರೆ. 1979ರಲ್ಲಿ ಸ್ಕೂಟರ್ ಅಪಘಾತಗಳಲ್ಲಿ ಅಯ್ಯಂಗಾರ್ಯರೇ ಗಾಯಗೊಂಡರು. ಆಗ ಅವರಿಗೆ ಅರುವತ್ತು ವರ್ಷ. ಅನ್ಯರಿಗಾಗಿ ರೂಪಿಸಿದ ಸಾಧನಗಳನ್ನು ತಾವೂ ಬಳಸಿ, ಆಸನಗಳನ್ನು ಮೊದಲಿನಿಂದ ಅಭ್ಯಾಸಮಾಡಿದರು. 2014ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಆಸರೆಯನ್ನು ಕೊಡಲು ಬಲ್ಲ ಗುರುವು ಅದನ್ನು ಪಡೆಯಲು ನಾಚಲಿಲ್ಲ.

ಬಳ್ಳಿಗೆ ಚಪ್ಪರ ಬೇಕು. ಆದರೆ ಬೆಳೆಯುವುದು ಬಳ್ಳಿಯೇ. ಕಂಬಳಿಯ ಸುರುಳಿಯು ಐದು ನಿಮಿಷ ಬೆನ್ನನ್ನು ಹೊರಬಲ್ಲುದು. ಉಳಿದ ಹೊತ್ತಿನಲ್ಲಿ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆನ್ನನ್ನು ನೇರವಾಗಿರಿಸಿ ಕುಳಿತುಕೊಳ್ಳುವ ಹೊಣೆ ನಮ್ಮದು.

ಅಭ್ಯಾಸ

1. ತಲೆಯು ಮುಂದಕ್ಕೆ ಬಾಗಿದಾಗ ಸ್ನಾಯುಗಳಿಗೆ ಶ್ರಮವಾಗುವುದೇಕೆ?
2. ಅಯ್ಯಂಗಾರ್ಯರು ಸಾಧನಗಳನ್ನು ಬಳಸಲು ಕಾರಣವೇನು?
3. “ಬಳ್ಳಿಗೆ ಚಪ್ಪರ ಬೇಕು, ಆದರೆ ಬೆಳೆಯುವುದು ಬಳ್ಳಿಯೇ” — ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.